ಸಂದೇಶನ ಅಪ್ಪನಿಗೆ ಮಜ್ಜಿಗೆ

ಪಕ್ಕದ ಮನೆಯ ಸಂದೇಶ ತನ್ನ ಮೇಲೆ ಅತ್ಯಾಚಾರ ಮಾಡಿದ ಬಳಿಕ, ಪೊಲೀಸರ ಮುಂದೆ ಎಲ್ಲ ಹೇಳಿ ಬಂದ ಸಮೃದ್ಧಿ ಕೋಣೆ ಸೇರಿದವಳು ಹೊರಗೆ ಬಂದಿರಲಿಲ್ಲ. ನನ್ನ ಚಿಕ್ಕಮ್ಮನ ಮಗಳು ಅವಳು. ಜೊತೆಗಿರಲೆಂದು ನಾನು ಅವರೂರು ಹೆಗ್ಗರಣೆಗೆ ಬಂದಿದ್ದೆ.

"ಏನೂ ಕೇಳಬ್ಯಾಡ್ರಿ, ಸುಮ್ನ ಹತ್ರ ಕುಂದರ್ರಿ. ಅವ್ರು ತಾವಾಗೇ ಬರ್ತೀನಿ ಅಂದ ದಿನ ಕರ್ಕೊಂಡು ಬರ್ರಿ," ಎಂದು ಶಿರಸಿಯ ಆಪ್ತಸಮಾಲೋಚಕಿ ಅನ್ನಪೂರ್ಣವ್ವ ಫೋನಿನಲ್ಲಿ ಹೇಳಿದ್ದರು.

ಕುಳಿತೆ. ಅಜ್ಜಿಯ ಕಥೆಗಳನ್ನಾದರೂ ಹೇಳೋಣವೆಂದರೆ, ಎಲ್ಲದರಲ್ಲೂ ಹುಡುಗಿಯನ್ನು ಯಾರೋ ಹೊತ್ತೊಯ್ಯುತ್ತಾರೆ; ಕೊನೆಗೆ ಅವನ ಜೊತೆಗೇ ಮದುವೆ. ಅರ್ಧಕ್ಕೇ ನುಂಗಿಕೊಳ್ಳುತ್ತಿದ್ದೆ. ಹೇಳಬಹುದಾದದ್ದು ಹಾರುವ ಮಂಚದ ಕಥೆಯೊಂದೇ.

ಇವತ್ತು ಬೆಳಿಗ್ಗೆ ಅವಳೇ ಅಂದಳು, "ಶ್ರೀವಾಣಕ್ಕ, ಶಿರಸಿಗೆ ಹೋಪನ. ಮಂಚದ ಮೇಲಲ್ಲ ಮತ್ತೆ, ಬಸ್ಸಲ್ಲಿ."

ನಾನು ನಕ್ಕುಬಿಟ್ಟೆ. ಅವಳೂ ತುಸು ನಕ್ಕಳು.

ಜಡೆ ಹೆಣೆದು, ಅವಳು ಚಪ್ಪಲಿ ಮೆಟ್ಟುವ ಹೊತ್ತಿಗೆ ಅಂಗಳದಲ್ಲಿ ಯಾರೋ ಕೆಮ್ಮಿದರು. ಸಂದೇಶನ ಅಪ್ಪ, ವೆಂಕಟ್ರಮಣ.

ಜಗಲಿಯಲ್ಲಿದ್ದ ಚಿಕ್ಕಮ್ಮ ತಲೆಯೆತ್ತುತ್ತಲೇ, "ಬನ್ನಿ ವೆಂಕಟ್ರಮಣಣ್ಣ, ಕುಂತ್ಕಳಿ. ಆಸರಿಗೆ ಎಂತ ಅಡ್ಡಿಲ್ಲೆ?" ಅಂದುಬಿಟ್ಟಳು.

ಬಾಯಾರಿಕೆಗೆ ಏನು ಬೇಕೆಂದು ಕೇಳದೆ ನಮ್ಮ ಕಡೆ ಯಾರೂ ಮಾತು ಶುರುಮಾಡುವುದಿಲ್ಲ. ಮಾತು ಬಾಯಿಂದ ಬಿದ್ದ ಮೇಲೆ ಚಿಕ್ಕಮ್ಮ ಸೆರಗಿನಿಂದ ಬಾಯಿ ಒತ್ತಿಕೊಂಡಳು. ಅಷ್ಟರಲ್ಲಿ ಆತ ಕುಳಿತಾಗಿತ್ತು.

"ಮಜ್ಜಿಗೆಯೇ ಅಡ್ಡಿಲ್ಲೆ. ನಿಮ್ಮನೆ ಕೂಸಿಗೂ ಒಳ್ಳೇದಾಗವು, ನಮ್ಮನೆ ಮಾಣಿಗೂ. ಕೇಸು ಗೀಸು ಎಂತಕ್ಕೆ? ಕೂತು ಮಾತಾಡನ."

"ಕೊಡಡ, ಚಿಕ್ಕಮ್ಮ," ಎಂದು ಅಡುಗೆಮನೆಯಲ್ಲಿ ಅವಳನ್ನು ತಡೆದೆ.

"ಕೇಳಿ ಆಗೋತಲೇ. ಈಗ ಕೊಡ್ದೇ ಹೆಂಗೆ ಇಪ್ಪದೇ?" ಅವಳು ಲೋಟಕ್ಕೆ ಮಜ್ಜಿಗೆ ಬಗ್ಗಿಸಿದಳು. ಉಪ್ಪು ಹಾಕಿ ಕದಡಿದಳು. ಕೊಟ್ಟಳು.

ಆತ ಕುಡಿದು ಲೋಟ ಇಟ್ಟ. "ಉಪ್ಪು ಹದಾ ಇದ್ದು."

ಸಮೃದ್ಧಿ ನಡುಬಾಗಿಲಲ್ಲಿ ನಿಂತಿದ್ದಳು.

"ಆಯಿ, ಅವ ಬಂದಿದ್ರೆ ಅವಂಗೂ ಕೊಡ್ತಿದ್ಯನೇ?"

"ಬಾಯಿಗೆ ಬಂದೋತೆ ತಂಗಿ... ಆನು ಬೇಕು ಹೇಳಿ ಕೇಳಿದ್ದಲ್ಲ..."

ಅವಳು ಚಪ್ಪಲಿ ಕಳಚಿ, ಗೋಡೆಗೆ ಒತ್ತಿ ಜೋಡಿಸಿಟ್ಟು ಕೋಣೆಗೆ ಹೋದಳು. ಚಿಲಕ ಬಿತ್ತು.

"ಇನ್ನೊಂದಿನ ಬತ್ತೆ," ಎಂದು ವೆಂಕಟ್ರಮಣ ಎದ್ದು ಹೋದ.

ನಾನು ಅನ್ನಪೂರ್ಣವ್ವನಿಗೆ ಫೋನು ಮಾಡಿದೆ. "ಅವ್ರ ಕೈಗೆ ಕೊಡ್ರಿ, ನಾ ಮಾತಾಡ್ತೀನಿ," ಅಂದರು. ಕೊಡುವುದು ಹೇಗೆ? ಫೋನನ್ನು ಬಾಗಿಲ ಸಂದಿಗೆ ಹಿಡಿದು ಕುಳಿತೆ. ಅವರು ಮೆತ್ತಗೆ, "ಸಮೃದ್ಧಿ... ನಮ್ಮವ್ವಾ..." ಅನ್ನುತ್ತಿದ್ದರು.

ಒಳಗೆ ಮೇಲಿನ ಚಿಲಕವನ್ನೂ ಹಾಕಿದ ಸದ್ದಾಯಿತು.