ಯಾರ ಗಿಡದ ಹಣ್ಣು

ಮಹಾಂತಯ್ಯನವರು ಹಣ್ಣಿನ ಹೋಳನ್ನು ಬಾಯಿಗಿಟ್ಟು ಅಗಿದರು; ಅಗಿದವರು ಹಾಗೆಯೇ ಕೂತುಬಿಟ್ಟರು. ಕಾರ್ತಿಕ ಸೋಮವಾರ, ಪೂಜೆ ಮುಗಿಸಿ ಪ್ರಸಾದಕ್ಕೆ ಕೂತಿದ್ದ ಅಯ್ಯನವರ ನಾಲಿಗೆ ಅಂಗುಳಿಗೆ ಅಂಟಿತ್ತು. ಪಡಸಾಲೆಯಲ್ಲಿದ್ದ ಗೋಕುಲ ರಸ್ತೆಯ ಬೀಗರು ಬಾಯಿಗೆ ಸೆರಗು, ಟವೆಲ್ಲು ಅಡ್ಡ ಹಿಡಿದು ನಕ್ಕರು.

"ಏನಪಾ ಅಮರೇಶಾ, ಎಂಥಾ ಹಣ್ಣೋ ಇದು?" ಎರಡು ತಂಬಿಗೆ ನೀರು ಕುಡಿದ ಮೇಲೆ ಅಯ್ಯನವರು ಕೇಳಿದರು.

"ನನಗೇನ ಗೊತ್ತರಿ ಅಯ್ಯನವರ? ನಮ್ಮಾಕಿ ಹಚ್ಚಿದ ಗಿಡ. ಆಕೀನ್ನ ಕೇಳ್ರಿ," ಎಂದ ಮನೆಯ ಯಜಮಾನ ಅಮರೇಶ.

ಅಡಿಗೆಮನೆಯ ಬಾಗಿಲಲ್ಲಿದ್ದ ಹೆಂಡತಿ ಶಾಂಭವಿಗೆ ಮೈಯೆಲ್ಲ ಉರಿಯಿತು. ಆರು ವರ್ಷದ ಹಿಂದೆ ಹಿಮಾಚಲದ ಕುಲು ಪ್ರವಾಸಕ್ಕೆ ಹೋದಾಗ, ಅಲ್ಲಿಯವರು ಜಪಾನಿ ಹಣ್ಣು ಎನ್ನುವ ಪರ್ಸಿಮನ್ನಿನ ಸಸಿಯನ್ನು ಒದ್ದೆ ಗೋಣಿಯಲ್ಲಿ ಸುತ್ತಿ, ರೈಲಿನುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡು ಹುಬ್ಬಳ್ಳಿಯ ಉಣಕಲ್ಲಿಗೆ ತಂದವಳು ಅವಳು. ಬೇಸಿಗೆಯಲ್ಲಿ ಅಕ್ಕಿ ತೊಳೆದ ನೀರು ಹೊತ್ತು ಹಾಕಿದವಳು ಅವಳು. ಚಳಿಗೆ ಎಲೆಯೆಲ್ಲ ಉದುರಿದಾಗ, ಗಿಡ ಸತ್ತಿತು ಒಲೆಗೆ ಹಾಕು ಎಂದ ಅತ್ತೆಗೆ ಅಡ್ಡ ನಿಂತವಳೂ ಅವಳೇ. ಆಗೆಲ್ಲ ಅದು ಯಾರ ಗಿಡವೂ ಆಗಿರಲಿಲ್ಲ. ಈ ವರ್ಷ ಕಾಯಿ ಹಿಡಿದದ್ದೇ ತಡ, ಅಮರೇಶನ ಗಿಡವಾಯಿತು. ತಾರಿಹಾಳದ ತನ್ನ ವರ್ಕ್‌ಶಾಪಿಗೆ ಬಂದವರನ್ನೆಲ್ಲ ಹಿತ್ತಲಿಗೆ ಕರೆತಂದು, "ಹುಬ್ಬಳ್ಳ್ಯಾಗ ಜಪಾನಿ ಹಣ್ಣು ಬೆಳೆದಾಂವ ನಾ ಒಬ್ಬಾಂವನ" ಎಂದು ಮೀಸೆ ತಿರುವಿದ್ದೇ ತಿರುವಿದ್ದು.

ಮುಟ್ಟಬೇಡಿ ಎಂದು ಅವಳು ಬಾಯಿ ಬಡಿದುಕೊಂಡಿದ್ದಳು. ಕೇಸರಿ ಬಣ್ಣ ಬಂದರೆ ಸಾಲದು, ಹಿಚುಕಿದರೆ ಒಡೆಯುವಷ್ಟು ಮೆತ್ತಗಾಗಬೇಕು. ಅಲ್ಲಿಯವರೆಗೆ ಬರೀ ಒಗರು. ಕೇಳಬೇಕಲ್ಲ? ಮೊದಲ ಫಲ ಅಯ್ಯನವರ ಬೆಳ್ಳಿ ತಟ್ಟೆಗೆ ಬೀಳಬೇಕು, ಅದೂ ಬೀಗರ ಕಣ್ಣೆದುರಿಗೇ ಬೀಳಬೇಕು. ಅವಳು ಹೋಳಿಗೆ ಬೇಯಿಸುತ್ತಿದ್ದಾಗ ಅಮರೇಶ ಸದ್ದಿಲ್ಲದೆ ಹೋಗಿ ಹರಿದು ತಂದಿದ್ದ.

ಮರುದಿನ ಮುಂಜಾನೆ ಅವನು ಕಟ್ಟಿಗೆ ಒಡೆಯುವ ಗೌಸಮೊದ್ದೀನನನ್ನು ಕರೆತಂದ. "ಅಯ್ಯನವರ ಬಾಯಿ ಕಟ್ಟಿದ ಗಿಡ. ಮನ್ಯಾಗ ಬ್ಯಾಡ. ಕಡದ ಹಾಕು."

ಶಾಂಭವಿ ಗಿಡಕ್ಕೆ ಬೆನ್ನು ಕೊಟ್ಟು ನಿಂತಳು. "ಯಾರ ಗಿಡ ಅಂದ್ರಿ ನಿನ್ನೆ?"

"ಸರಿ ಅತ್ಲಾಗ."

"ನಾಕ ಮಂದ್ಯಾಗ ಹೇಳೀರಲ್ಲ, ನಮ್ಮಾಕಿ ಹಚ್ಚಿದ ಗಿಡ ಅಂತ. ನನ್ನ ಗಿಡಾ ಕಡಸಾಕ ನೀವ್ಯಾರು?"

ಗೌಸಮೊದ್ದೀನ ಅವಳ ಮುಖ ನೋಡಿದ, ಅವನ ಮುಖ ನೋಡಿದ. "ಗಂಡಾ ಹೆಂಡ್ತಿ ಮೊದಲ ಮಾತಾಡ್ಕೊರ್ರಿ ಸಾವ್ಕಾರ. ನಾ ಆಮ್ಯಾಲೆ ಬರ್ತೇನಿ," ಎಂದು ಕೊಡಲಿಯನ್ನು ಹೆಗಲಿಗೇರಿಸಿದ.

ಬಲಿತ ಕಾಯಿಗಳಲ್ಲಿ ಒಂದಷ್ಟನ್ನು ಅವಳೇ ಇಳಿಸಿ, ಮಾವಿನಕಾಯಿ ಹಣ್ಣಿಗೆ ಹಾಕುವಂತೆ ಜೋಳದ ಡಬ್ಬದಲ್ಲಿ ಹುಗಿದಿಟ್ಟಳು. ಮನೆಯಲ್ಲಿ ಮಾತು ಊಟಕ್ಕೆ ಬರ್ರಿ ಎನ್ನುವಷ್ಟಕ್ಕೇ ನಿಂತಿತು. ಕೆಲವು ದಿನಕ್ಕೆ ಹಣ್ಣು ಮೆತ್ತಗಾಯಿತು, ಅವಳ ಸಿಟ್ಟು ಮೆತ್ತಗಾಗಲಿಲ್ಲ. ಮೊದಲ ಹಣ್ಣನ್ನು ಬಟ್ಟಲಲ್ಲಿಟ್ಟು, ಚಮಚೆಯ ಸಮೇತ ತಾನೇ ಅಯ್ಯನವರಿಗೆ ಮುಟ್ಟಿಸಿದಳು. ಅವರು ಅನುಮಾನದಿಂದಲೇ ತುದಿನಾಲಿಗೆಗೆ ಹಚ್ಚಿಕೊಂಡರು. ಆಮೇಲೆ ಬಟ್ಟಲು ಬಳಿದು, "ಇನ್ನೊಂದು ಐತೇನವಾ?" ಎಂದರು.

ಸುದ್ದಿ ಅಮರೇಶನ ಕಿವಿಗೂ ಬಿತ್ತು. ರವಿವಾರ ಅದೇ ಬೀಗರನ್ನು ಕರೆಸಿದ. ಪಡಸಾಲೆಯಿಂದ ಅವನ ದನಿ ಓಣಿಗೆಲ್ಲ ಕೇಳುವಂತೆ ಬಂತು. "ಶಾಂಭವೀ, ನನ್ನ ಗಿಡದ ಹಣ್ಣು ತಗೊಂಬಾ. ಅವತ್ತು ನಕ್ಕವರು ಇವತ್ತು ತಿಂದು ನೋಡ್ಲಿ."

ಅವಳು ಬೀಗರಿಗೆಲ್ಲ ಮಾಗಿದ ಹಣ್ಣು, ಚಮಚೆ ಕೊಟ್ಟಳು. ಆಮೇಲೆ ಹಿತ್ತಲಿಗೆ ಹೋಗಿ, ಕೊಂಬೆಯಲ್ಲಿ ಉಳಿದಿದ್ದ ಕೇಸರಿ ಬಣ್ಣದ ಗಟ್ಟಿ ಕಾಯೊಂದನ್ನು ಹರಿದಳು. ತೊಳೆದು, ತೆಳುವಾಗಿ ಹೋಳು ಮಾಡಿ, ಅಯ್ಯನವರಿಗೆ ಬಡಿಸಿದ್ದ ಅದೇ ಬೆಳ್ಳಿ ತಟ್ಟೆಯಲ್ಲಿ ಜೋಡಿಸಿ ಗಂಡನ ಮುಂದಿಟ್ಟಳು.

"ಅವರಿಗೆ ಕೊಟ್ಟಿದ್ದು ನನ್ನ ಗಿಡದ್ದು," ಎಂದಳು. "ಇದು ನಿಮ್ಮ ಗಿಡದ್ದರಿ. ತಗೋರಿ."

ಮನೆಯ ಯಜಮಾನ ಮೊದಲು ತಿನ್ನಲಿ ಎಂದು ಬೀಗರು ಚಮಚೆ ಹಿಡಿದು ಕಾಯುತ್ತಿದ್ದರು. ಅಮರೇಶನ ಕೈ ತಟ್ಟೆಯ ಮೇಲೆ ಬಂದು ನಿಂತಿತು. ಶಾಂಭವಿ ಬಾಗಿಲಿಗೆ ಒರಗಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತ, ಅವನು ಹೋಳು ಎತ್ತುವುದನ್ನೇ ನೋಡುತ್ತ ನಿಂತಿದ್ದಳು.