ಮೇಜು ಕುಟ್ಟಿದ ಕೈ

ಬ್ಲೌಸ್ ಹೊಲಿಯುವ ನನಗೆ ಟಿಕೋಟಾದ ಅರ್ಧಕ್ಕರ್ಧ ಹೆಂಗಸರ ಅಳತೆ ಬಾಯಿಪಾಠ. ಶಾಸಕ ಶಿವಶರಣಪ್ಪನ ಅಳತೆ ಮಾತ್ರ ತಪ್ಪಿತು. ಚುನಾವಣೆಗೆ ಮುಂಚೆ ನಮ್ಮ ಪಡಸಾಲೆಯಲ್ಲಿ ಕೂತು ಚಹಾ ಕುಡಿದು, ನನ್ನ ಮಗಳು ಸುಮಯ್ಯಾಳ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿದ್ದ. “ಸಾಲಿ ಹತ್ರ ಕ್ರಷರ್ ಬರಾಕ ಬಿಡೂದಿಲ್ಲ ತಂಗಿ. ಈ ಕೂಸಿನ ಆಣಿ.”

ಕೂಸಿಗೆ ಎಂಟು ವರ್ಷ. ದಮ್ಮು. ಶಾಲೆಯ ಚೀಲದಲ್ಲಿ ಪುಸ್ತಕದ ಜೊತೆ ಪಂಪು ಇರುತ್ತದೆ. ಬಾಯಿಗಿಟ್ಟು ಒತ್ತಿಕೊಂಡರೆ ಉಸಿರು ತಿರುಗುತ್ತದೆ. ಜಲ್ಲಿ ಒಡೆಯುವ ಕ್ರಷರಿನ ಧೂಳು ಎದೆಗೆ ಹೋದರೆ ಪಂಪೂ ಕೈಕೊಡುತ್ತದೆಂದು ವಿಜಯಪುರದ ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಅದಕ್ಕೇ ಆ ಆಣೆಯನ್ನು ನಂಬಿ ಮನೆಮನೆ ತಿರುಗಿ ಅವನಿಗೆ ಓಟು ಹಾಕಿಸಿದೆ.

ಗೆದ್ದು ವರ್ಷ ತುಂಬುವುದರೊಳಗೆ ವಿಧಾನಸಭೆಯಲ್ಲಿ ತಿದ್ದುಪಡಿ ಬಂತು. ಶಾಲೆಗೂ ಕ್ರಷರಿಗೂ ಒಂದು ಕಿಲೋಮೀಟರ್ ಅಂತರ ಇರಬೇಕಿತ್ತು, ಇನ್ನೂರು ಮೀಟರ್ ಸಾಕೆಂದಾಯಿತು. ತಿಂಗಳೊಳಗೆ ನಮ್ಮ ಶಾಲೆಯ ಪಕ್ಕದ ಗುಡ್ಡಕ್ಕೆ ಯಂತ್ರ ಬಂದು ನಿಂತಿತು.

ವಿಜಯಪುರದ ಜಲನಗರದಲ್ಲಿರುವ ಅವನ ಕಚೇರಿಗೆ ಹೋದೆ. “ನಾ ವಿರೋಧನ ಮಾಡೇನಿ ತಂಗಿ,” ಎಂದ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಸಭೆಯ ನಡಾವಳಿ ತರಿಸಿದೆ. ಯಾರು ಹೌದೆಂದರು, ಯಾರು ಇಲ್ಲವೆಂದರು, ಒಂದು ಹೆಸರೂ ಇಲ್ಲ. ‘ಧ್ವನಿಮತದಿಂದ ಅಂಗೀಕರಿಸಲಾಯಿತು’, ಅಷ್ಟೇ. ಆ ಕಾಗದ ಹಿಡಿದು ಮತ್ತೆ ಹೋದೆ.

“ದನಿ ಯಾರದಂತ ಯಾರೂ ಬರಕೊಳ್ಳೂದಿಲ್ಲ,” ಎಂದು ನಕ್ಕ.

“ನಮ್ಮ ಗೋಳಗುಮ್ಮಟದಾಗ ಒಮ್ಮೆ ಕೆಮ್ಮಿದ್ರ ಏಳು ಸಲ ಕೇಳ್ತೈತ್ರಿ. ನಿಮ್ಮ ಸಭಾದಾಗ ಒಮ್ಮೆನೂ ಕೇಳಲಿಲ್ಲೇನ್ರಿ?” ಎಂದೆ. ಮುಖ ಗಂಟು ಹಾಕಿಕೊಂಡ.

ದನಿ ಸಿಗದಿದ್ದರೇನು, ಕಣ್ಣಿಗೆ ಕಾಣುವುದು ಸಿಗಬೇಕಲ್ಲ. ಸಭೆಯ ವಿಡಿಯೋವನ್ನು ನಾದಿನಿ ಸಮ್ರೀನ ನನ್ನ ಫೋನಿನಲ್ಲಿ ಹುಡುಕಿಕೊಟ್ಟಳು. ಹೊಲಿಗೆ ಬಿಟ್ಟು ನಾಲ್ಕು ತಾಸು ನೋಡಿದೆವು. ತಿದ್ದುಪಡಿ ಪಾಸಾದ ಹೊತ್ತಿಗೆ ಮೂರನೆಯ ಸಾಲಿನಲ್ಲಿ ಶಿವಶರಣಪ್ಪ ಖುಷಿಯಿಂದ ಮೇಜು ಕುಟ್ಟುತ್ತಿದ್ದ. ನನ್ನ ಮಗಳ ತಲೆಯ ಮೇಲಿಟ್ಟಿದ್ದ ಅದೇ ಬಲಗೈ.

ಬಬಲೇಶ್ವರದಲ್ಲಿ ಅವನ ಜನಸಂಪರ್ಕ ಸಭೆ ಇದ್ದ ದಿನ ನನ್ನ ಗಂಡ ಸಾದಿಕರನ್ನೂ ಎಳೆದುಕೊಂಡು ಹೋದೆ. “ದೊಡ್ಡವರ ಗೊಡವಿ ನಮಗ್ಯಾಕ ಬಿಡು,” ಎಂದು ದಾರಿಯುದ್ದಕ್ಕೂ ಗೊಣಗಿದರು. ಪುಕ್ಕಲು ಮನುಷ್ಯ ಎಂದು ಬೈದೆ.

ಮೈಕು ಕೈಗೆ ಬಂದ ಕೂಡಲೇ ಫೋನು ಎತ್ತಿ ಹಿಡಿದೆ. “ಅಣ್ಣಾರ, ಇದು ಯಾರ ಕೈ? ಮಂದಿ ಮುಂದ ಹೇಳ್ರಿ.”

ಜನ ನುಗ್ಗಿ ಬಂದು ನೋಡಿದರು. ಹಿಂದಿನಿಂದ ಯಾರೋ ಶಿಳ್ಳೆ ಹಾಕಿದರು. ಶಿವಶರಣಪ್ಪನ ನಗು ಇಳಿಯಿತು.

“ನಂದ ಕೈ. ಕುಟ್ಟೇನಿ,” ಎಂದ ಕೊನೆಗೆ.

ಗೆದ್ದೆ ಅಂದುಕೊಂಡೆ. ಅವನು ಸಹಾಯಕನ ಕಡೆ ತಿರುಗಿ ಫೈಲಿನಿಂದ ಒಂದು ಅರ್ಜಿ ತೆಗೆಸಿದ. “ಅಂತರ ಕಡಿಮಿ ಮಾಡಿಸಿಕೊಡ್ರಿ ಅಂತ ಗುಡ್ಡದ ಬುಡದ ಹೊಲದವರೇ ಬರಕೊಟ್ಟಾರ. ಮೊದಲನೇ ಸಹಿ ಓದು ತಂಗಿ.”

ಸಾದಿಕ. ಕೆಳಗೊಂದು ಗೆರೆ ಎಳೆಯುವ ಅವರದೇ ಸಹಿ. ನಮ್ಮ ಕಲ್ಲುಹೊಲದ ಸರ್ವೇ ನಂಬರು. ತಾರೀಖು ನೋಡಿದೆ, ತಿದ್ದುಪಡಿಗೆ ಮುಂಚೆ ಸುಮಯ್ಯಾ ದಮ್ಮು ಹೆಚ್ಚಾಗಿ ಆಸ್ಪತ್ರೆಯಲ್ಲಿ ಮಲಗಿದ್ದ ವಾರದ್ದು.

“ರೀ, ಇದು ನಿಮ್ಮ ಸಹಿ ಏನ್ರಿ?”

“ಆ ಹೊಲದಾಗ ಏನ ಬೆಳೀತೈತಿ ಶಾಹಿಸ್ತಾ,” ಎಂದರು, ನೆಲ ನೋಡುತ್ತ. “ಹಂಗ ಬಿದ್ದಿತ್ತು. ಕ್ರಷರಿನವರು ಬಾಡಿಗಿಗೆ ಹಿಡೀತೀವಿ ಅಂದ್ರು. ಅಷ್ಟು ಧೂಳ ಬರ್ತೈತಂತ ನನಗೇನ ಗೊತ್ತು?”

ಗೊತ್ತಿತ್ತು. ಡಾಕ್ಟರು ಹೇಳುವಾಗ ನನ್ನ ಪಕ್ಕದ ಕುರ್ಚಿಯಲ್ಲೇ ಕೂತಿದ್ದರು. ನಾನು ಶಾಸಕನನ್ನು ಬೈದಾಗಲೆಲ್ಲ, ಊಟಕ್ಕೆ ಎದುರು ಕೂತು, ಹೂಂ ಹೂಂ ಎಂದಿದ್ದರು. ಶಾಸಕನಿಗಾದರೆ ಮುಂದಿನ ಸಲ ಓಟು ಹಾಕದಿದ್ದರಾಯಿತು. ಇವರಿಗೆ ನಾನು ಏನು ಮಾಡಲಿ? ನನ್ನ ಏದುಸಿರು ಮೈಕಿನಲ್ಲಿ ಸಭೆಗೆಲ್ಲ ಕೇಳುತ್ತಿತ್ತು.

“ಏಳ್ರಿ,” ಎಂದೆ. “ಮನಿಗೆ ನಡೀರಿ. ಇವರು ಮಂದಿ ಮುಂದ ಹೇಳಿದಂಗ ನೀವು ಸುಮಯ್ಯಾನ ಮುಂದ ನಿಂತು ಹೇಳ್ರಿ, ನಂದ ಸಹಿ ಅಂತ.”

ಅವರು ಕುರ್ಚಿ ಬಿಟ್ಟು ಏಳಲಿಲ್ಲ.