ತೊಳೆಯದ ದುಂಬಿ

ದುಂಬಿಗೆ ಸ್ನಾನ ಮಾಡಿಸುವುದು ನನ್ನ ಕೆಲಸ ಎಂದರೆ ನೆಂಟರೆಲ್ಲ ನಗುತ್ತಾರೆ. ನಗಲಿ. ಬೆಟ್ಟದ ಬಡ ಮಣ್ಣಿಗೂ ಕೊರೆಯುವ ಚಳಿಗೂ ಜಗ್ಗದ ಮೇವಿನ ತಳಿಯೊಂದನ್ನು ಬೆಳೆಸಲು ನನಗೆ ಒಂಬತ್ತು ವರ್ಷ ಹಿಡಿದಿದೆ. ಅವರೆಯ ದೂರದ ನೆಂಟ ಅದು, ಬೇರಿನ ಗಂಟಿನಲ್ಲೇ ಗೊಬ್ಬರ ಮಾಡಿಕೊಳ್ಳುತ್ತದೆ. ಹೂಬಿಟ್ಟಾಗ ಬಲೆಯ ಗೂಡಿನೊಳಗೆ ದುಂಬಿ ಬಿಡಬೇಕು. ಹೊರಗೆ ಹಿಡಿದ ದುಂಬಿಯ ಮೈಗೆ ಕಣಿವೆಯ ಮೇವಿನ ಪರಾಗ ಅಂಟಿರುತ್ತದೆ, ಅದು ಬೆರೆತರೆ ನನ್ನ ತಳಿ ಕೆಡುತ್ತದೆ. ನೀರು ತಾಗಿದರೆ ಆ ಪರಾಗ ಸಾಯುತ್ತದೆ. ಹಾಗಾಗಿ ಒಂದೊಂದನ್ನೂ ನೀರಲ್ಲಿ ಅದ್ದಿ, ಹೀರುಕಾಗದದ ಮೇಲೆ ಬಿಟ್ಟು, ರೆಕ್ಕೆ ಆರಿದ ಮೇಲೆ ಒಳಗೆ ಕಳಿಸುವುದು.

ಆರುವ ತನಕ ಕಾಯಬೇಕಲ್ಲ, ಅದೇ ನನ್ನಿಂದಾಗದು. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವನು ನಾನು. ಆ ದಿನ ಅಕ್ಕ ಬೇರೆ ಮೂರು ಸಲ ಫೋನ್ ಮಾಡಿದ್ದಳು. ಬೆಟ್ಟದ ಮೇಲೆ ಕುರಿ ಸಾಕುವವಳು. ಅವಳ ಗುಡ್ಡದ ಹುಲ್ಲು ವರ್ಷದಿಂದ ವರ್ಷಕ್ಕೆ ಸೊರಗುತ್ತಿತ್ತು. ಈ ಸಲ ಬೀಜ ಸಿಗದಿದ್ದರೆ ಅರ್ಧ ಹಿಂಡು ಮಾರಬೇಕಾಗುತ್ತದೆ ಎಂದಳು. ಮೂವತ್ತೊಂಬತ್ತು ದುಂಬಿ ತೊಳೆದಿದ್ದೆ. ನಲವತ್ತನೆಯದನ್ನು ತೊಳೆಯದೆ ಹಾಗೇ ಗೂಡಿನೊಳಗೆ ಬಿಟ್ಟುಬಿಟ್ಟೆ. ಒಂದೇ ಒಂದು ತಾನೇ ಎಂದುಕೊಂಡೆ.

ಒಂದು ದುಂಬಿ ದಿನಕ್ಕೆ ನೂರಾರು ಹೂ ಮುಟ್ಟುತ್ತದೆ. ಇದು ಗೊತ್ತಿಲ್ಲದವನೇ ನಾನು? ಅಂದಿನಿಂದ ನಿಂತಲ್ಲಿ ನಿಲ್ಲಲಾರೆ, ಕೂತಲ್ಲಿ ಕೂರಲಾರೆ. ಗೂಡಿನ ಸುತ್ತ ಸುತ್ತಿ ಸುತ್ತಿ ಕಾಲುದಾರಿಯೇ ಬಿತ್ತು. ಯಾವ ಬೀಜ ಬೆರಕೆ ಎಂದು ನೋಡಿ ಹೇಳಲಾಗದು. ಬೆರಕೆ ಗಿಡ ಮೊದಲ ವರ್ಷ ಹುಲುಸಾಗಿ ಬೆಳೆದು ಅಕ್ಕಪಕ್ಕದ್ದನ್ನು ತುಳಿಯುತ್ತದೆ, ಎರಡನೆಯ ಚಳಿಗೆ ಸಾಯುತ್ತದೆ. ಆಮೇಲೆ ಗುಡ್ಡ ಬೋಳು. ಉಳಿದವನ್ನು ತೊಳೆದದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು.

ಬೀಜ ಬಿಡಿಸಿದ ವಾರದಲ್ಲೇ ಅಕ್ಕ ಚೀಲ ಹಿಡಿದು ಬಂದಳು. ಡಬ್ಬಿಯ ಬೀಜವನ್ನು ಅಂಗೈಗೆ ಸುರಿದುಕೊಂಡು ಮೂಸಿದಳು, ಮುಖ ಅರಳಿತು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಎರಡು ವರ್ಷ ಯಾರಿಗೂ ತಿಳಿಯುತ್ತಿರಲಿಲ್ಲ. ಕಿಟಕಿಯ ತನಕ ಹೋದೆ, ಬಂದೆ, ಮತ್ತೆ ಹೋದೆ.

"ಅದೇನೋ ಬಾಲ ಸುಟ್ಟ ಬೆಕ್ಕಿನ ಥರ ಓಡಾಡ್ತಿದ್ದೀಯ? ಏನಾಯ್ತು ಹೇಳು."

ಹೇಳಿದೆ. ನಲವತ್ತನೆಯ ದುಂಬಿಯ ಕಥೆಯನ್ನು ಒಂದಕ್ಷರ ಬಿಡದೆ ಹೇಳಿದೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಅಮ್ಮ ಬೈಯುತ್ತಿದ್ದಳು. ಅಕ್ಕನೂ ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಬೈಯಲಿಲ್ಲ. ಬೀಜವನ್ನು ಡಬ್ಬಿಗೆ ವಾಪಸು ಸುರಿದು, ಒಂದು ಕಾಳೂ ಅಂಟಿರದಂತೆ ಕೈ ಕೊಡವಿಕೊಂಡಳು. ಯಾವ್ಯಾವ ಕುರಿಯನ್ನು ಮಾರುವುದೆಂದು ತನ್ನಷ್ಟಕ್ಕೆ ಹೇಳಿಕೊಂಡಳು: ಕುಂಟಿ, ಕರಿಮೂತಿ, ಅದರ ಮರಿ. ನನಗೆ ಅಳು ಬಂತು.

"ಮುಂದಿನ ವರ್ಷ ಹೂ ಬಿಟ್ಟಾಗ ನನ್ನ ಕರಿ. ದುಂಬಿ ನಾನೇ ತೊಳೀತೀನಿ. ಆರೋ ತನಕ ನೀನು ನನ್ನ ಪಕ್ಕ ಸುಮ್ನೆ ಕೂತಿರು, ಸಾಕು."

ಖಾಲಿ ಚೀಲವನ್ನು ಮಡಿಚಿ ನನ್ನ ಮೇಜಿನ ಮೇಲಿಟ್ಟು ಹೋದಳು.